ದೀಪದ ಹಲಗೆಯ ಮೌತ್‌ಪೀಸ್

ಏಳನೆಯ ಕಂತು

ಅಡಿಗೆಯ ಅಮ್ಮು ಅದನ್ನು ಸೀಮೆಎಣ್ಣೆ ಬಾಟಲಿಯ ಕತ್ತಿನಿಂದ ಎತ್ತಿ, ಸೆರಗಿನ ತುದಿಗೆ ಒರೆಸಿ, ನನ್ನ ಅಂಗೈ ಮೇಲಿಟ್ಟಳು.

“ಇದು ಲಾಳಿಕೆ ಅಲ್ವಾ ರೈಟರೇ?”

ಹೆಬ್ಬೆರಳಿನಷ್ಟು ಉದ್ದದ ವಸ್ತು. ಮೇಲ್ಗಡೆ ಪುಟ್ಟ ಬಟ್ಟಲು, ಕೆಳಗೆ ಸಪೂರದ ಕೊಳವೆ. ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದ್ದರಿಂದ ಅಡಿಗೆಕೋಣೆಯ ಕತ್ತಲಲ್ಲೂ ಮಿನುಗುತ್ತಿತ್ತು. ನೋಡಿದವರು ಯಾರೇ ಆದರೂ ಲಾಳಿಕೆಯೆಂದೇ ಹೇಳುತ್ತಿದ್ದರು. ಅಮ್ಮುವಿನದು ತಪ್ಪೇನೂ ಇಲ್ಲ.

ಆದರೆ ಅದು ಈ ಮನೆಯ ಯಜಮಾನ ಸಾಲ್ವದೊರ್ ಕ್ರಾಸ್ತಾರ, ಎಂದರೆ ನಮ್ಮ ಸಾಲ್ವದೊರ್ ಪೊರ್ಬುಗಳ, ಕಾರ್ನೆಟ್ ತುತ್ತೂರಿಯ ಮೌತ್‌ಪೀಸ್. ತುಟಿಗಿಟ್ಟು ಊದುವ ತುಂಡು. ಹದಿನೆಂಟು ದಿನಗಳಿಂದ ಪೊಲೀಸರು ಹೊಳೆಯ ಕೆಸರನ್ನು ಕೆದಕಿದ್ದು, ಆರೋಪಿ ಉಗ್ಗಪ್ಪನ ಮನೆಯ ಮಾಡಿನ ಹುಲ್ಲನ್ನು ಕಿತ್ತುಹಾಕಿದ್ದು, ನಾನು ನನ್ನ ಅರವತ್ತರ ಮಂಡಿಗಳನ್ನು ಊರಿ ಮಾಟೆಮಾಟೆಗೆ, ಬಿಲಬಿಲಕ್ಕೆ ಕೈಹಾಕಿದ್ದು ಇದಕ್ಕಾಗಿಯೇ. ಇದು ಇಲ್ಲಿ, ಅವರದೇ ಅಡಿಗೆಕೋಣೆಯಲ್ಲಿ ಕೂತು ದಿನಾ ಸಾಯಂಕಾಲ ನಾಲ್ಕು ದೀಪಗಳಿಗೆ ಎಣ್ಣೆ ಹೊಯ್ಯುತ್ತಿತ್ತು.

“ಒಳ್ಳೆ ಕೆಲಸ ಮಾಡ್ತದೆ,” ಎಂದಳು ಅಮ್ಮು. “ಎಣ್ಣೆ ಇಳಿಯುವಾಗ ಹೊತ್ತು ಹಿಡೀತದೆ. ಆದ್ರೆ ಒಂದು ಹನಿ ಚೆಲ್ಲುವುದಿಲ್ಲ.”

“ಎಲ್ಲಿ ಸಿಕ್ಕಿತು?”

“ಇಲ್ಲೇ. ದೀಪ ಇಡುವ ಹಲಗೆಯ ಮೇಲೆ. ಎಮಿಲಿಯಮ್ಮ ಹೊಸಂಗಡಿಯಿಂದ ತಂದದ್ದು ಅಂತ ಎಣಿಸಿದೆ. ಹಳತು, ಕಪ್ಪು ಹಿಡಿದಿತ್ತು. ಬೂದಿ, ಹುಳಿ ಹಾಕಿ ತಿಕ್ಕಿದೆ.”

“ಯಾವತ್ತು?”

“ಎಣ್ಣೆ ಗಾಡಿ ಬರುವ ಬುಧವಾರ.”

“ಯಾವ ಬುಧವಾರ, ಅಮ್ಮು? ಸರಿಯಾಗಿ ನೆನಪು ಮಾಡಿ ಹೇಳು.”

“ಎಂತ ನೆನಪು ಮಾಡ್ಲಿಕ್ಕುಂಟು? ಪೊರ್ಬುಗಳಿಗೆ ಪೆಟ್ಟಾದ ದಿವಸವೇ. ಗಾಡಿಯವನು ನಾಲ್ಕು ಗಂಟೆಗೆ ಬಂದ. ಅವನ ಡಬ್ಬಿಯಿಂದ ಬಾಟಲಿಗೆ ಇದರಲ್ಲೇ ಹೊಯ್ಯಿಸಿದೆ. ಅವನು ತಮಾಷೆ ಕೂಡ ಮಾಡಿದ, ಇಷ್ಟು ಸಣ್ಣದ್ರಲ್ಲಿ ಹೊಯ್ದ್ರೆ ನಾನು ಕುಂಬಳೆ ಮುಟ್ಟುವಾಗ ನಾಳೆ ಆಗ್ತದೆ ಅಂತ.”

“ಆಮೇಲೆ ಇದನ್ನು ಯಾರಾದರೂ ಹೊರಗೆ ತೆಗೆದುಕೊಂಡು ಹೋದರಾ?”

“ಯಾರು? ಅಂದಿನಿಂದ ಬಾಟಲಿಯ ಮೇಲೆಯೇ ಉಂಟು.”

ನಾನು ಅಲ್ಲೇ ಅಕ್ಕಿ ಮುಡಿಯ ಮೇಲೆ ಕೂತುಬಿಟ್ಟೆ. ನನಗೆ ಬೇಕಾದ ಮಾತನ್ನು ಈ ಹೆಂಗಸು, ಹೇಳುತ್ತಿದ್ದೇನೆಂಬುದೇ ಗೊತ್ತಿಲ್ಲದೆ ಹೇಳಿ ಮುಗಿಸಿದ್ದಳು.

ಬ್ಯಾಂಡಿನವರಲ್ಲಿ ಒಂದು ಪದ್ಧತಿಯಿದೆ. ವಾದ್ಯವೆಲ್ಲ ಇಗರ್ಜಿಯ, ಚರ್ಚಿನ ಸೊತ್ತು. ಇವತ್ತು ಇವನು ಊದಿದ್ದನ್ನು ನಾಳೆ ಅವನು ಊದಬಹುದು. ಆದರೆ ಮೌತ್‌ಪೀಸ್ ಮಾತ್ರ ಅವರವರದು. ಊದಿ ಮುಗಿದ ಕೂಡಲೇ ಅದನ್ನು ಕಳಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ತಂದೆಯದನ್ನು ಮಗ ಕೂಡ ತುಟಿಗೆ ಇಡುವುದಿಲ್ಲ. ಸಾಲ್ವದೊರ್ ಪೊರ್ಬುಗಳು ನಲವತ್ತು ವರ್ಷ ಬ್ಯಾಂಡ್ ಮಾಸ್ಟರ್ ಆಗಿದ್ದವರು. ತುಳುವರಾದ ನಾವು ಕ್ರೈಸ್ತ ಯಜಮಾನರನ್ನು ಪೊರ್ಬುಗಳೆಂದೇ ಕರೆಯುವುದು. ಅವರ ಕೋಟಿನ ಎಡ ಕಿಸೆಯಲ್ಲಿ ಇದರ ಗುರುತು ಉಬ್ಬಿಕೊಂಡೇ ಇರುತ್ತಿತ್ತು.

ಆ ಬುಧವಾರ ಸಂಜೆ ಆರೂವರೆಗೆ, ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ, ಪೊರ್ಬುಗಳು ಹೊಳೆಗೆ ಅಡ್ಡಲಾಗಿ ಹಾಕಿದ ಕಟ್ಟದ ಮೇಲೆ ತಲೆಯೊಡೆದು ಬಿದ್ದಿದ್ದರು. ಪಕ್ಕದಲ್ಲಿ ಮೌತ್‌ಪೀಸ್ ಇಲ್ಲದ ಕಾರ್ನೆಟ್; ಹೊಡೆದವನೇ ಅದನ್ನು ಕಳಚಿ ಎಲ್ಲೋ ಎಸೆದನೋ ಬಚ್ಚಿಟ್ಟನೋ ಎಂದು ಪೊಲೀಸರ ಲೆಕ್ಕ. ಜೀವ ಉಳಿಯಿತು. ಬಲಗಡೆಯ ಕೈಕಾಲು ಹೋಯಿತು, ಮಾತು ಹೋಯಿತು. ಮೂರು ದಿನ ಕಳೆದ ಮೇಲೆ ಅವರು ಉಸಿರಿನಲ್ಲೇ ಏನೋ ಹೇಳತೊಡಗಿದರು. ಆ ಉಸಿರು ಅರ್ಥವಾಗುವುದು ಇಡೀ ಊರಿನಲ್ಲಿ ಒಬ್ಬನಿಗೆ, ತಂಗಿ ಎಮಿಲಿಯಮ್ಮನ ಮಗ ಯುಜಿನ್‌ಗೆ.

ಯುಜಿನ್ ಬಗ್ಗಿ ಕೇಳಿ, ಇನ್‌ಸ್ಪೆಕ್ಟರರ ಮುಂದೆ ಹೇಳಿದ್ದು ಇಷ್ಟು: “ಕಟ್ಟದ ಮೇಲೆ ಕೂತು ಕಾರ್ನೆಟ್ ಊದ್ತಾ ಇದ್ದೆ. ಹಿಂದಿನಿಂದ ಉಗ್ಗಪ್ಪ ಬಂದು ಹೊಡೆದ.”

ಉಗ್ಗಪ್ಪ ಆ ಬ್ಯಾಂಡಿನಲ್ಲಿ ಮೂವತ್ತು ವರ್ಷ ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಪೊರ್ಬುಗಳ ಹಿಂದೆ ನಡೆದವನು. ಆ ಮೊದಲಿನ ಭಾನುವಾರವಷ್ಟೇ ಪೊರ್ಬುಗಳು ಅವನನ್ನು ಬ್ಯಾಂಡಿನಿಂದ ತೆಗೆದಿದ್ದರು. ಆ ಸಿಟ್ಟಿನಲ್ಲಿ ಅವನು ಇಗರ್ಜಿಯ ಅಂಗಳದಲ್ಲಿ, ಎಲ್ಲರೂ ಕೇಳುವ ಹಾಗೆ, “ನಿಮ್ಮ ಕಾರ್ನೆಟ್ ಇನ್ನು ಹೇಗೆ ಊದ್ತೀರಿ ನೋಡ್ತೇನೆ” ಎಂದು ಕೂಗಿದ್ದ. ಈಗ ಅವನು ಲಾಕಪ್ಪಿನಲ್ಲಿದ್ದ. ಅಂದು ಹತ್ತೂವರೆಗೆ ಮ್ಯಾಜಿಸ್ಟ್ರೇಟರು ಬಂದು ಹಾಸಿಗೆಯ ಪಕ್ಕದಲ್ಲೇ ಈ ಹೇಳಿಕೆಯನ್ನು ಬರೆದುಕೊಳ್ಳುವವರಿದ್ದರು. ಅದು ಬರೆದು ಮುಗಿದರೆ ಉಗ್ಗಪ್ಪನಿಗೆ ಕನಿಷ್ಠ ಏಳು ವರ್ಷ.

ಮೌತ್‌ಪೀಸ್ ನಾಲ್ಕು ಗಂಟೆಯಿಂದ ಅಡಿಗೆಕೋಣೆಯಲ್ಲಿ. ಹಾಗಾದರೆ ಆರೂವರೆಗೆ ಕಟ್ಟದ ಮೇಲೆ ಊದಿದ್ದು ಏನನ್ನು?

ಊದಿರಲಿಲ್ಲ. ಹೇಳಿಕೆ ಸುಳ್ಳು. ಸುಳ್ಳು ಹೇಳಿದ್ದು ಯಾರೆಂದು ನನಗೆ ಆ ಕ್ಷಣದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ದೀಪದ ಹಲಗೆಗೆ ಅದನ್ನು ತಂದಿಟ್ಟವರು ಯಾರೆಂದು ಅಮ್ಮುವನ್ನು ಇನ್ನೊಮ್ಮೆ ಕೇಳಬೇಕಿತ್ತು. ಕೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಗೋಡೆಯ ಗಡಿಯಾರ ಒಂಬತ್ತೂವರೆ ಹೊಡೆಯಿತು. ನಾನು ಎದ್ದು ಹೊರಟೆ.

*

ತುಂಗಾ ಗೇಟಿನ ಹೊರಗೆ, ಬೇಲಿಯ ನೆರಳಿನಲ್ಲಿ ಕೂತಿದ್ದಳು. ಉಗ್ಗಪ್ಪನ ಹೆಂಡತಿ. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಬಂದು ಕೂತವಳು ಕೂತೇ ಇದ್ದಳು.

“ಹೊನ್ನಯ್ಯಣ್ಣ, ಎಂತ ಆಯಿತು?”

“ನೀನು ಅವತ್ತು ಹೇಳಿದ್ದು ಸರಿ ತುಂಗಾ. ಆ ಸಂಜೆ ಕಾರ್ನೆಟ್ ಕೇಳಲಿಲ್ಲ ಅಂದಿದ್ದೆಯಲ್ಲ.”

“ಹೊಳೆಯ ಆಚೆ ಬದಿಯಲ್ಲಿ ನಮ್ಮ ಮನೆ. ದಿನಾ ಕೇಳುವುದು, ಆ ದಿನ ಕೇಳದಿದ್ರೆ ಗೊತ್ತಾಗುವುದಿಲ್ವಾ? ನಾನು ಹೆಂಡತಿ ಅಂತ ಯಾರೂ ಬರೆದುಕೊಳ್ಳಲಿಲ್ಲ.” ಅವಳು ಬೇಲಿಯ ಕಡ್ಡಿಯೊಂದನ್ನು ಮುರಿದಳು. “ನಿನ್ನೆ ಲಾಕಪ್ಪಿಗೆ ಹೋಗಿ ಇವರನ್ನು ನೋಡಿ ಬಂದೆ. ಪೊರ್ಬುಗಳು ನಿಮ್ಮ ಹೆಸರು ಹೇಳಿದ್ದಾರಂತೆ, ನೀವು ಇಲ್ಲ ಅಂತ ಒಂದು ಮಾತಾದರೂ ಹೇಳಿ ಮಾರಾಯ್ರೆ ಅಂತ ಕಾಲಿಗೆ ಬಿದ್ದೆ. ಇವರು ಎಂತ ಹೇಳಿದ್ದು ಗೊತ್ತುಂಟಾ? ಮಾಸ್ಟರು ಹಾಗೆ ಹೇಳಿದ್ರಾ? ಹಾಗಾದ್ರೆ ಹಾಗೇ ಇರಲಿ ಅಂತ.”

ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಇಬ್ಬರು ಗಂಡಸರ ಮೇಲೆ ಒಟ್ಟಿಗೆ ಬಂದ ಸಿಟ್ಟು. ನನಗೆ ಅದು ಬಹಳ ಸರಿಯೆನಿಸಿತು.

“ಇಲ್ಲೇ ಕೂತಿರು,” ಎಂದೆ. “ಇವತ್ತು ಅವನನ್ನು ಬಿಡಿಸ್ತೇನೆ.”

ಹಾಗೆ ಮಾತು ಕೊಡಬಾರದಿತ್ತು. ಪೊಲೀಸ್ ಸ್ಟೇಷನ್ನುಗಳಲ್ಲಿ ಮೂವತ್ತು ವರ್ಷ ರೈಟರಾಗಿ ಸವೆದವನಿಗೆ ಅಷ್ಟೂ ತಿಳಿಯದೆ? ಆದರೆ ಕಿಸೆಯಲ್ಲಿ ಮೌತ್‌ಪೀಸ್ ಇತ್ತು, ತಲೆಯಲ್ಲಿ ಉಪಾಯವಿತ್ತು. ಎರಡೂ ಸೇರಿದಾಗ ಮನುಷ್ಯ ಸ್ವಲ್ಪ ಹಾರಾಡುತ್ತಾನೆ.

*

ಜಗಲಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಚೆನ್ನಯ್ಯ ಬೆಂಚಿನ ಮೇಲೆ ಕೂತು ಟೊಪ್ಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ನನ್ನ ಕೈಕೆಳಗೆ ಕೆಲಸ ಕಲಿತವನು. ಅವನಿಗೆ ಎಲ್ಲವನ್ನೂ ಹೇಳಿದೆ.

“ಹಾಗಾದ್ರೆ ಯುಜಿನ್ ತನ್ನ ಮಾತನ್ನು ಮಾಮನ ಬಾಯಿಗೆ ತುಂಬ್ತಾ ಇದ್ದಾನೆ ಅಂತ ನೀವು ಹೇಳುವುದು,” ಎಂದ.

“ಮತ್ತೆಂತ? ಇಷ್ಟು ದಿನ ಅವನು ಹೇಳಿದ್ದೇ ಪೊರ್ಬುಗಳ ಮಾತು. ನಿಜವೋ ಸುಳ್ಳೋ, ನೋಡುವವರು ಯಾರು? ಪರೀಕ್ಷೆ ಮಾಡುವ. ನೀನು ಯುಜಿನನ್ನು ಕರಕೊಂಡು ಹೋಗಿ ಬಾವಿಕಟ್ಟೆಯ ಹತ್ತಿರ ನಿಲ್ಲಿಸು. ನಾನು ಒಳಗೆ ಪೊರ್ಬುಗಳಿಗೆ ಒಂದು ವಿಷಯ ಹೇಳ್ತೇನೆ. ಆಮೇಲೆ ಅವನನ್ನು ಒಳಗೆ ಕರೆದು, ಮಾಮನನ್ನು ಕೇಳಿ ಅದೇ ವಿಷಯ ಹೇಳು ಅನ್ನುವುದು. ಹೇಳಲಿಕ್ಕೆ ಆಗದಿದ್ರೆ ಆಯಿತಲ್ಲ?”

“ಅಂದಾಜಿನಲ್ಲಿ ಹೇಳಿಬಿಟ್ರೆ?”

“ಅಂದಾಜಿಗೆ ಸಿಗುವಂಥದ್ದು ನಾನು ಹೇಳುವುದಿಲ್ಲ.”

ಚೆನ್ನಯ್ಯ ಟೊಪ್ಪಿಯನ್ನು ತಲೆಗಿಟ್ಟ. “ಮ್ಯಾಜಿಸ್ಟ್ರೇಟರ ಕಾರು ಬರುವ ಮೊದಲು ಮುಗಿಸಿ ಹೊನ್ನಯ್ಯಣ್ಣ. ನೀವು ಈಗ ರೈಟರಲ್ಲ. ನಾನು ಮಾತ್ರ ಇನ್ನೂ ಹೆಡ್ ಕಾನ್‌ಸ್ಟೇಬಲ್ಲು.”

*

ಪೊರ್ಬುಗಳು ಕಿಟಕಿಯ ಪಕ್ಕದ ಮಂಚದಲ್ಲಿ ಎರಡು ದಿಂಬಿಗೆ ಒರಗಿದ್ದರು. ಬಾಯಿಯ ಬಲ ಮೂಲೆ ಕೆಳಗೆ ಜಾರಿತ್ತು. ಎಡಗಡೆ ಮಾತ್ರ ಹಿಂದಿನ ಹಾಗೇ ಇತ್ತು. ಆ ಅರ್ಧ ಮುಖ ನನ್ನನ್ನು ಗುರುತಿಸಿ ಸ್ವಲ್ಪ ನಕ್ಕಿತು.

ಬಾಗಿಲು ಮುಂದೆ ಮಾಡಿ ಬಂದು, ಮೌತ್‌ಪೀಸನ್ನು ಅವರ ಕಣ್ಣಮುಂದೆ ಹಿಡಿದೆ.

ಅವರು ಅದನ್ನು ನೋಡಿದ ಬಗೆಯನ್ನು ನಾನು ಮರೆಯಲಾರೆ. ಎಡಗೈ ಮುಂದೆ ಬಂದು ಅದನ್ನು ಕಸಿದುಕೊಂಡಿತು. ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ತುಟಿಯ ಎಡ ಮೂಲೆಗೆ ಒತ್ತಿದರು. ಸ್ವರ ಬರಲಿಲ್ಲ, ಬರೀ ಗಾಳಿ. ಮರುಕ್ಷಣ ಮುಖ ಕಿವಿಚಿ ಅದನ್ನು ದೂರ ಹಿಡಿದರು. ಸೀಮೆಎಣ್ಣೆಯ ವಾಸನೆ ಬಡಿದಿರಬೇಕು. ಅವರ ಕಣ್ಣು ನನ್ನನ್ನು ಕೇಳಿತು.

“ಅಡಿಗೆಕೋಣೆಯಲ್ಲಿತ್ತು,” ಎಂದೆ. “ಅಮ್ಮು ಲಾಳಿಕೆ ಅಂತ ಎಣಿಸಿದ್ಲು.”

ಅರ್ಧ ಬಾಯಿ ನಕ್ಕಿತು, ಅಷ್ಟರಲ್ಲೇ ಕಣ್ಣಲ್ಲಿ ನೀರು ಬಂತು. ಮೌತ್‌ಪೀಸನ್ನು ಕಂಬಳಿಯ ಕೆಳಗೆ ಸೇರಿಸಿ ಮುಷ್ಟಿ ಬಿಗಿದುಕೊಂಡರು. ಆದರೆ ನಾನು ಬಂದ ಕೆಲಸ ಬೇರೆ.

ಯಾವ ವಿಷಯ ಹೇಳುವುದು? ಮೌತ್‌ಪೀಸಿನ ವಿಷಯವೆಂದರೆ ಯುಜಿನ್ ಅಂದಾಜು ಮಾಡಿಯಾನು. ಈ ಊರಿನಲ್ಲಿ ಇನ್ನೊಬ್ಬನಿಗೆ ಗೊತ್ತಿಲ್ಲದ್ದು ಬೇಕು. ಅಂಥದ್ದು ನನ್ನಲ್ಲಿ ಒಂದೇ ಇತ್ತು.

ನಾನು ಕೆಳಗೆ ಕೂತು ಅವರ ಕಿವಿಗೆ ಬಾಯಿ ಹತ್ತಿರ ತಂದೆ.

“ಪೊರ್ಬುಗಳೇ, ಮೂವತ್ತನಾಲ್ಕನೇ ಇಸವಿಯಲ್ಲಿ ಮುಳ್ಳೇರಿಯದ ಮಂಜ ಅಂತ ಒಬ್ಬನನ್ನು ಹಿಡಿದು ತಂದಿದ್ರು. ಅವನ ಹೇಳಿಕೆ ಬರೆದವನು ನಾನು. ಅವನು ಹೇಳಿದ್ದು, ನಾನು ಅಲ್ಲಿರಲಿಲ್ಲ ಅಂತ. ಮೇಲಿನವರು ಕಣ್ಸನ್ನೆ ಮಾಡಿದ್ರು. ನಾನು ಬರೆದದ್ದು, ಅಲ್ಲಿದ್ದೆ ಅಂತ. ಅವನಿಗೆ ಓದಲಿಕ್ಕೆ ಬರ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ. ಐದನೇ ವರ್ಷ ಜೈಲಿನಲ್ಲೇ ಸತ್ತ. ನನ್ನ ಹೆಂಡತಿಗೂ ನಾನು ಇದನ್ನು ಹೇಳಿಲ್ಲ.”

ಹದಿನೇಳು ವರ್ಷ ಹೊಟ್ಟೆಯಲ್ಲಿದ್ದದ್ದು ಅಷ್ಟು ಹೊತ್ತಿನಲ್ಲಿ ಹೊರಗೆ ಬಂತು. ಹೇಳಲು ಧೈರ್ಯ ಬಂದದ್ದೇಕೆಂದು ಮುಚ್ಚಿಡುವುದಿಲ್ಲ. ಯುಜಿನ್ ಮೋಸಗಾರನೆಂದು ನಾನು ನಂಬಿದ್ದೆ. ಪೊರ್ಬುಗಳ ಮಾತು ಯಾರಿಗೂ ಅರ್ಥವಾಗದ ಮೇಲೆ ನನ್ನ ಮಾತು ಈ ಕೋಣೆಯಿಂದ ಹೊರಗೆ ಹೋಗುವುದಾದರೂ ಹೇಗೆ? ಬೀಗ ಹಾಕಿದ ಪೆಟ್ಟಿಗೆಯೊಳಗೆ ಹಾಕಿದಷ್ಟೇ ಭದ್ರ.

ಅವರು ಎಡಗೈಯನ್ನು ಕಂಬಳಿಯಿಂದ ಹೊರಗೆ ತಂದು ನನ್ನ ತಲೆಯ ಮೇಲಿಟ್ಟರು.

*

ಯುಜಿನ್ ಒಳಗೆ ಬಂದ. ಇಪ್ಪತ್ತೈದರ ತರುಣ, ನಿದ್ದೆಗೆಟ್ಟ ಕಣ್ಣು, ಗಡ್ಡ ಬೋಳಿಸಿ ನಾಲ್ಕು ದಿನವಾಗಿತ್ತು. ಅವನ ಹಿಂದೆ ಚೆನ್ನಯ್ಯ ಬಂದು ಬಾಗಿಲಿಗೆ ಒರಗಿ ನಿಂತ.

“ಯುಜಿನ್, ನಿನ್ನ ಮಾಮನ ಹತ್ತಿರ ನಾನು ಈಗ ಒಂದು ಹೆಸರು ಹೇಳಿದ್ದೇನೆ. ಆ ಹೆಸರು ಯಾವುದು ಅಂತ ಅವರನ್ನು ಕೇಳಿ ಹೇಳು.”

ಅವನಿಗೆ ತಕ್ಷಣ ಅರ್ಥವಾಯಿತು. ಮುಖ ಕೆಂಪಾಯಿತು.

“ನನ್ನನ್ನು ಪರೀಕ್ಷೆ ಮಾಡುವುದಾ?”

“ಹೌದು.”

“ಮಾಡಿ.”

ಅವನು ಮಂಚದ ಅಂಚಿನಲ್ಲಿ ಕೂತ. ಕಿವಿ ಕೊಡಲಿಲ್ಲ. ಅದನ್ನು ನಾನು ಅಂದೇ ಮೊದಲ ಸಲ ಗಮನಿಸಿದ್ದು. ಅವನು ಮಾಮನ ತುಟಿಯನ್ನು ನೋಡುತ್ತಿದ್ದ. ಎಡ ಮೂಲೆಯ ಆ ಒಂದು ಇಂಚನ್ನು ಮಾತ್ರ, ಕಣ್ಣು ಮಿಟುಕಿಸದೆ. ತುಟಿ ಅಲುಗಿತು. ಉಸಿರು ಬಂತು, ತಡೆಯಿತು, ಮತ್ತೆ ಬಂತು.

“ಮಂಜ,” ಎಂದ ಯುಜಿನ್. “ಮುಳ್ಳೇರಿಯದ ಮಂಜ.”

ನಾನು ಮಂಚದ ಅಂಚನ್ನು ಹಿಡಿದುಕೊಂಡೆ.

“ಇನ್ನೂ ಹೇಳ್ತಾ ಇದ್ದಾರೆ… ಅವನು ಹೇಳದ್ದನ್ನು ನೀವು ಬರೆದದ್ದಂತೆ. ಅವನು ಜೈಲಿನಲ್ಲಿ…” ಯುಜಿನ್ ನನ್ನ ಕಡೆ ತಿರುಗಿದ. ದನಿ ಇಳಿಸಿದ. “ಇನ್ನು ಹೇಳಬೇಕಾ, ರೈಟರೇ?”

“ಬೇಡ.”

ಚೆನ್ನಯ್ಯ ಬಾಗಿಲಿನಲ್ಲಿ ನೆಟ್ಟಗೆ ನಿಂತಿದ್ದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವನಿಗೆ ಹೇಳಿಕೆ ಬರೆಯುವುದನ್ನು ಕಲಿಸಿದವನೇ ನಾನು.

“ಅದು ನಿನಗೆ ಹೇಗೆ ತಿಳೀತದೆ?” ಎಂದೆ.

“ಹನ್ನೆರಡನೇ ವಯಸ್ಸಿನಲ್ಲಿ ನಾನು ಕಾರ್ನೆಟ್ ಕಲೀಲಿಕ್ಕೆ ಕೂತದ್ದು. ಮೊದಲ ಆರು ತಿಂಗಳು ಮಾಮ ಕಾರ್ನೆಟ್ ಮುಟ್ಟಲಿಕ್ಕೆ ಬಿಡ್ಲಿಲ್ಲ. ಬರೀ ಮೌತ್‌ಪೀಸ್. ಎದುರು ಕೂರಿಸಿ, ನನ್ನ ತುಟಿ ನೋಡು, ಅದರ ಹಾಗೆ ಮಾಡು ಅಂತಿದ್ರು. ತುಟಿ ಎಲ್ಲಿ ಬಿಗೀತದೆ, ನಾಲಿಗೆ ಎಲ್ಲಿ ತಾಗ್ತದೆ, ಉಸಿರು ಎಲ್ಲಿ ನಿಲ್ತದೆ, ಎಲ್ಲ ನೋಡಿಯೇ ಕಲ್ತದ್ದು. ಆ ತುಟಿಯನ್ನು ನನ್ನಷ್ಟು ನೋಡಿದವರು ಯಾರೂ ಇಲ್ಲ.”

ಹೇಳುವಾಗ ಅವನ ಕಣ್ಣು ತುಂಬಿತ್ತು. ಮೋಸಗಾರನ ಕಣ್ಣಲ್ಲ ಅದು. ನನಗೆ ನನ್ನ ಮೇಲೆ ನಾಚಿಕೆಯಾಯಿತು. ಇನ್ನೊಬ್ಬರ ಮಾತನ್ನು ಹೊರುವವರೆಲ್ಲ ಅದರಲ್ಲಿ ತಮ್ಮ ಕೈಚಳಕ ತೋರಿಸುತ್ತಾರೆಂದು ನಾನು ತೀರ್ಮಾನಿಸಿದ್ದು ಯಾಕೆ? ನಾನು ಹಾಗೆ ಮಾಡಿದ್ದರಿಂದ. ಬೇರೆ ಯಾವ ಆಧಾರವೂ ನನ್ನ ಬಳಿ ಇರಲಿಲ್ಲ.

“ಆದ್ರೆ ಯುಜಿನ್,” ಎಂದೆ, “ಕಾರ್ನೆಟ್ ಊದ್ತಾ ಇದ್ದೆ ಅಂತ ಹೇಳಿದ್ದು ಸುಳ್ಳು. ಮೌತ್‌ಪೀಸ್ ನಾಲ್ಕು ಗಂಟೆಯಿಂದಲೇ ಅಡಿಗೆಕೋಣೆಯಲ್ಲಿತ್ತು.”

“ಗೊತ್ತುಂಟು.”

“ಎಂತ ಗೊತ್ತುಂಟು?”

“ಅಡಿಗೆಕೋಣೆಯಲ್ಲಿ ಇದ್ದದ್ದು ಗೊತ್ತಿರಲಿಲ್ಲ. ಆದ್ರೆ ಮಾಮ ಅವತ್ತು ಊದಿರಲಿಲ್ಲ ಅಂತ ಮೊದಲ ದಿವಸವೇ ಗೊತ್ತು. ಕಟ್ಟದಿಂದ ಅದನ್ನು ಎತ್ತಿಕೊಂಡು ಬಂದವನು ನಾನಲ್ವಾ? ಊದಿದ ಕಾರ್ನೆಟ್ಟಿನ ಕೊಳವೆಯೊಳಗೆ ಉಸಿರಿನ ಪಸೆ ಇರ್ತದೆ, ಅದು ಒಣಗಿತ್ತು, ನನಗೆ ಗೊತ್ತಾಗುವುದಿಲ್ವಾ, ರೈಟರೇ?”

“ಹಾಗಾದ್ರೆ ಇನ್‌ಸ್ಪೆಕ್ಟರರಿಗೆ ಯಾಕೆ ಹೇಳಲಿಲ್ಲ?”

“ಅವರು ಕೇಳಿದ್ದು ಮಾಮ ಎಂತ ಹೇಳ್ತಾರೆ ಅಂತ. ಮಾಮ ಹೇಳಿದ್ದನ್ನು ಹೇಳಿದೆ. ಒಂದು ಮಾತು ಹೆಚ್ಚು ಮಾಡಲಿಲ್ಲ, ಒಂದು ಮಾತು ಕಡಿಮೆ ಮಾಡಲಿಲ್ಲ. ಇವತ್ತು ಇದು ಸುಳ್ಳು ಅಂತ ನಾನು ಬಿಟ್ರೆ, ನಾಳೆ ಅವರು ನೀರು ಕೇಳಿದ್ರೂ ಜನ ನಂಬುವುದು ಹೇಗೆ? ಅವರಿಗೆ ಇರುವುದು ನಾನೊಬ್ಬ.” ಅವನು ಮಾಮನ ಕಂಬಳಿಯನ್ನು ಸರಿಮಾಡಿದ. “ರಾತ್ರಿಯೆಲ್ಲ ಯೋಚನೆ ಮಾಡ್ತೇನೆ. ಉಗ್ಗಪ್ಪಣ್ಣ ನನ್ನನ್ನು ಎತ್ತಿ ಆಡಿಸಿದವರು.”

ಅವನನ್ನು ಬೈಯಬೇಕೆಂದಿದ್ದೆ. ಆಗಲಿಲ್ಲ. ನಾನು ಬರೆಯಬಾರದ್ದನ್ನು ಬರೆದು ಒಬ್ಬನನ್ನು ಕೊಂದಿದ್ದೆ. ಈ ಹುಡುಗ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ ಇನ್ನೊಬ್ಬನನ್ನು ಕೊಲ್ಲುತ್ತಿದ್ದ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಸುಳ್ಳು ಹೇಳಿದವರು ಸಾಲ್ವದೊರ್ ಪೊರ್ಬುಗಳೇ. ಊರಿನ ಮರ್ಯಾದಸ್ಥರು. ನಲವತ್ತು ವರ್ಷದ ಬ್ಯಾಂಡ್ ಮಾಸ್ಟರ್.

ನಾನು ಮಂಚದ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು.

“ಪೊರ್ಬುಗಳೇ, ಕಣ್ಣು ಬಿಡಿ. ತುಂಗಾ ಬೆಳಿಗ್ಗೆಯಿಂದ ಗೇಟಿನ ಹೊರಗೆ ಕೂತಿದ್ದಾಳೆ. ನಿನ್ನೆ ಉಗ್ಗಪ್ಪನನ್ನು ನೋಡಿ ಬಂದಳಂತೆ. ಮಾಸ್ಟರು ಹಾಗೆ ಹೇಳಿದ್ರಾ, ಹಾಗಾದ್ರೆ ಹಾಗೇ ಇರಲಿ ಅಂದನಂತೆ ಅವನು. ನೀವು ಕೋಲೆತ್ತಿದ ಕೂಡಲೇ ಡ್ರಮ್ ಹೊಡೆದ ಹಾಗೆ, ಈಗಲೂ ಅಷ್ಟೇ. ನೀವು ಜೈಲಿಗೆ ಹೋಗು ಅಂದ್ರೆ ಅವನು ಹೋಗ್ತಾನೆ. ಅವನನ್ನು ಕಳಿಸುವುದಾ?”

ಅವರ ಎದೆ ಏರಿಳಿಯಿತು. ಕಂಬಳಿಯ ಕೆಳಗಿನ ಮುಷ್ಟಿ ಅಲುಗಿತು.

“ಯಾರನ್ನೋ ಉಳಿಸಲಿಕ್ಕೆ ನೀವು ಹೀಗೆ ಮಾಡಿದ್ದು. ಅಷ್ಟು ನನಗೆ ಅರ್ಥ ಆಗ್ತದೆ. ನನ್ನ ವಿಷಯ ನಾನು ನಿಮಗೆ ಹೇಳಿದೆ. ಹದಿನೇಳು ವರ್ಷದಲ್ಲಿ ಒಂದು ದಿವಸ ಮಂಜ ನೆನಪಿಗೆ ಬಾರದೆ ಮಲಗಿದ್ದಿಲ್ಲ. ನಿಮಗೆ ಅದು ಬೇಡ. ನಿಮ್ಮನ್ನು ಹೊಡೆದವರು ಯಾರು?”

ಹೊರಗೆ ದೂರದಲ್ಲಿ ಕಾರಿನ ಸದ್ದು ಕೇಳಿಸಿತು. ಚೆನ್ನಯ್ಯ ಕಿಟಕಿಯಿಂದ ಹಣಕಿದ. “ಬಂದ್ರು. ಬೇಗ, ಹೊನ್ನಯ್ಯಣ್ಣ.”

ಪೊರ್ಬುಗಳು ಕಣ್ಣು ತೆರೆದರು. ನನ್ನನ್ನಲ್ಲ, ಯುಜಿನನ್ನು ನೋಡಿದರು. ಅಷ್ಟು ಪ್ರೀತಿಯಿಂದ, ಅಷ್ಟು ದುಃಖದಿಂದ ಒಬ್ಬರು ಇನ್ನೊಬ್ಬರನ್ನು ನೋಡುವುದನ್ನು ನಾನು ಕಂಡದ್ದು ಕಡಿಮೆ. ತುಟಿಯ ಎಡ ಮೂಲೆ ಅಲುಗಿತು.

ಯುಜಿನ್ ಬಗ್ಗಿ ನೋಡಿದ.

ಮೂರು ನಾಲ್ಕು ಉಸಿರು, ಅಷ್ಟೇ. ಬಹಳ ಸಣ್ಣ ಮಾತಿರಬೇಕು.

ಯುಜಿನ್ ಹಾಗೇ ಬಗ್ಗಿಕೊಂಡೇ ಇದ್ದ. ಅವನ ಕಿವಿಯ ಹಿಂಬದಿಯಿಂದ ಕತ್ತಿನವರೆಗೆ ರಕ್ತ ಇಳಿದು ಬಿಳಿಚಿಕೊಳ್ಳುವುದು ನನಗೆ ಕಾಣುತ್ತಿತ್ತು. ಮಾಮ ಇನ್ನೊಮ್ಮೆ ಅದನ್ನೇ ಹೇಳಿದರು. ಅವನು ಬೇಡ ಎಂಬಂತೆ ತಲೆಯಲ್ಲಾಡಿಸಿದ. ಮಾಮ ಮೂರನೆಯ ಸಲ ಹೇಳಿದರು.

“ಎಂತ ಹೇಳಿದ್ರು?” ಎಂದೆ.

ಅವನು ಮಾಮನ ತುಟಿಗೆ ತನ್ನ ಅಂಗೈ ಅಡ್ಡ ಹಿಡಿದ.

“ಯುಜಿನ್, ಎಂತ ಹೇಳಿದ್ರು?”

ಅವನು ಎದ್ದು ನಿಂತ. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ.

“ಇದನ್ನು ನಾನು ಹೇಳುವುದಿಲ್ಲ.”

“ಒಂದು ಮಾತು ಕಡಿಮೆ ಮಾಡುವುದಿಲ್ಲ ಅಂದವನು ನೀನಲ್ವಾ?”

“ಹೌದು. ಇಷ್ಟು ದಿನ ಹೇಳಿದೆ. ಇದನ್ನು ಹೇಳುವುದಿಲ್ಲ.”

“ನೀನು ಹೇಳದಿದ್ರೆ ಮೊದಲಿನ ಹೇಳಿಕೆಯೇ ನಿಲ್ತದೆ. ಉಗ್ಗಪ್ಪ ಏಳು ವರ್ಷ—”

“ಗೊತ್ತುಂಟು ರೈಟರೇ!” ಅವನು ಕೂಗಿದ. ಆ ಕೂಗಿನ ಕೊನೆ ಅಳುವಾಗಿತ್ತು. ಅವನ ಕಣ್ಣು ನನ್ನನ್ನು ದಾಟಿ, ಚೆನ್ನಯ್ಯನನ್ನು ದಾಟಿ, ಬಾಗಿಲಿಗೆ ಹೋಗಿ ನಿಂತಿತು.

ಬಾಗಿಲಿನಲ್ಲಿ ಎಮಿಲಿಯಮ್ಮ ನಿಂತಿದ್ದರು. ಪೊರ್ಬುಗಳ ತಂಗಿ, ಯುಜಿನ್‌ನ ತಾಯಿ. ಕೈಯಲ್ಲಿ ಕಾಫಿಯ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಲೋಟಗಳ ಮೇಲೆ ಹಬೆಯಿರಲಿಲ್ಲ.

ಅಡಿಗೆಕೋಣೆಯಲ್ಲಿ ಅರ್ಧಕ್ಕೆ ಬಿಟ್ಟು ಬಂದ ಪ್ರಶ್ನೆ ಆಗ ನನಗೆ ನೆನಪಾಯಿತು. ದೀಪದ ಹಲಗೆಗೆ ಅದನ್ನು ತಂದಿಟ್ಟವರು ಯಾರು? ಅಮ್ಮುವಿಗೆ ಅದು ಲಾಳಿಕೆ. ಆದರೆ ದಿನಾ ಸಂಜೆ ಆ ಅಡಿಗೆಕೋಣೆಗೆ ಬಂದು ಹೋಗುವ ಇನ್ನೊಬ್ಬರಿದ್ದರು. ಅಣ್ಣನ ಕೋಟಿನ ಕಿಸೆಯಿಂದ ಅದನ್ನು ತೆಗೆದಿಟ್ಟು, ಕೋಟನ್ನು ನಲವತ್ತು ವರ್ಷ ಒಗೆದು ಇಸ್ತ್ರಿ ಹಾಕಿದವರು. ಅದು ಸೀಮೆಎಣ್ಣೆ ಬಾಟಲಿಯ ಮೇಲೆ ಕೂತದ್ದನ್ನು ಹದಿನೆಂಟು ದಿನ ನೋಡಿಯೂ ಬಾಯಿ ಬಿಡದವರು.

ಮ್ಯಾಜಿಸ್ಟ್ರೇಟರು ಒಳಗೆ ಬಂದರು. ಹಿಂದೆ ಗುಮಾಸ್ತ, ಮೇಜು, ಕಾಗದ. ಹೊರಗಿನ ಬಿಸಿಲಿನಿಂದ ಬಂದವರಿಗೆ ಕೋಣೆ ಕತ್ತಲೆಯಾಗಿ ಕಂಡಿರಬೇಕು. ಕನ್ನಡಕ ಒರೆಸಿಕೊಂಡು ಎಲ್ಲರನ್ನೂ ಒಮ್ಮೆ ನೋಡಿದರು.

“ಇವರ ಮಾತನ್ನು ಹೇಳುವವರು ಯಾರು?”

ಯುಜಿನ್ ನೆಲ ನೋಡುತ್ತ ನಿಂತಿದ್ದ. ತುಟಿಗಳನ್ನು ಒಳಗೆಳೆದು ಬಿಗಿದುಕೊಂಡಿದ್ದ. ಪೊರ್ಬುಗಳ ಎಡಗೈ ಕಂಬಳಿಯಿಂದ ಹೊರಗೆ ಬಂತು. ಮೌತ್‌ಪೀಸನ್ನು ಹಿಡಿದು ಅವನ ಕಡೆ ಚಾಚಿತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಸಾರ್, ಒಂದು ವಿಷಯ ಉಂಟು,” ಎಂದು ನಾನು ಮುಂದೆ ಬಂದೆ.

“ನೀವು ಯಾರು?”

ನಾನು ಯಾರು? ಪಿಂಚಣಿಯ ರೈಟರು. ಕೈಯಲ್ಲಿದ್ದದ್ದು ಯಾರೂ ಹೇಳದ ಒಂದು ಮಾತು. ಚೆನ್ನಯ್ಯನ ಕಡೆ ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

ಅಷ್ಟರಲ್ಲಿ ಎಮಿಲಿಯಮ್ಮ ಕಾಫಿಯ ತಟ್ಟೆಯನ್ನು ಮೇಜಿನ ಮೇಲಿಟ್ಟರು. ನೇರವಾಗಿ ಮಂಚದ ಬಳಿಗೆ ಹೋಗಿ, ಅಣ್ಣನ ಚಾಚಿದ ಕೈಯಿಂದ ಮೌತ್‌ಪೀಸನ್ನು ಮೆಲ್ಲನೆ ಬಿಡಿಸಿ ತೆಗೆದುಕೊಂಡು, ಮಗ ಬಿಟ್ಟುಹೋದ ಜಾಗದಲ್ಲಿ ಕೂತರು.

“ನಾನು ಇವರ ತಂಗಿ, ಸಾರ್,” ಎಂದರು, ಅಣ್ಣನ ತುಟಿಯ ಕಡೆ ನೋಡದೆ. “ಬರೆದುಕೊಳ್ಳಿ. ಇನ್ನು ಮೇಲೆ ಅಣ್ಣನ ಮಾತು ನಾನೇ ಹೇಳ್ತೇನೆ.”

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.